ದೊಡ್ಡ ಬ್ಯಾಂಕಿನ ಗುಮಾಸ್ತಿಕೆ: ಒಂದು ಜಮಾಖರ್ಚು

ಗಡಿನಾಡಿನ ಚರಿತ್ರೆ ಬರೆಯುವವರು ನಮ್ಮ ಶಾಲೆಗಳ ಬಗ್ಗೆ, ಯಕ್ಷಗಾನ ಮೇಳಗಳ ಬಗ್ಗೆ, ಏಕೀಕರಣ ಹೋರಾಟದ ಬಗ್ಗೆ ಬಹಳ ಬರೆದಿದ್ದಾರೆ. ಬ್ಯಾಂಕುಗಳ ಬಗ್ಗೆ ಬರೆದದ್ದು ಕಡಿಮೆ. ಹಣದ ವ್ಯವಹಾರದಲ್ಲಿ ಸಂಸ್ಕೃತಿಯ ಮಾತೇನಿದೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ ನಮ್ಮ ಕಂದಾಯ ಕಚೇರಿ, ಕೋರ್ಟು, ರಿಜಿಸ್ಟ್ರಿ, ಶಿಕ್ಷಣ ಇಲಾಖೆ ಎಲ್ಲವೂ ತಿರುವನಂತಪುರದ ಕಡೆಗೆ ಮುಖ ಮಾಡಿದವು. ಮೊದಲಿನಂತೆ ಮಂಗಳೂರು, ಉಡುಪಿಗಳ ಕಡೆಗೇ ಮುಖ ಮಾಡಿ ಉಳಿದ ಕೆಲವೇ ಸಂಸ್ಥೆಗಳಲ್ಲಿ ಬ್ಯಾಂಕು ಒಂದು. ತಲಪಾಡಿಯಲ್ಲಿ ರಾಜ್ಯದ ಗಡಿ ಬಿದ್ದರೂ ಬ್ಯಾಂಕಿನ ಲೆಡ್ಜರಿಗೆ ಗಡಿ ಬೀಳಲಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಾನು ಬ್ಯಾಂಕ್ ಗುಮಾಸ್ತ. 2007ರಲ್ಲಿ ಬಿ.ಎ. ಪದವಿಯ ಬಲದಿಂದ ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದವನು. ನಾನು ಸೇರಿದ್ದು ನಮ್ಮ ಅವಿಭಜಿತ ದಕ್ಷಿಣ ಕನ್ನಡದಲ್ಲೇ ಹುಟ್ಟಿದ ಒಂದು ಬ್ಯಾಂಕಿಗೆ. ಇಂದು ಅದರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಅದು ಇನ್ನೊಂದು ದೊಡ್ಡ ಬ್ಯಾಂಕಿನಲ್ಲಿ ಕರಗಿತು. ಎರಡರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಊರಿನ ಹುಡುಗ ಹುಡುಗಿಯರು ಆಗಾಗ ಬಂದು, "ಅಣ್ಣ, ದೊಡ್ಡ ಬ್ಯಾಂಕಿನಲ್ಲಿ ಕೆಲಸ ಹೇಗೆ? ಒಳ್ಳೆಯದಾ?" ಎಂದು ಕೇಳುತ್ತಾರೆ. ಸಂಬಳ ಇಷ್ಟು, ರಜೆ ಇಷ್ಟು ಎಂದು ಹೇಳಿ ಕಳಿಸಬಹುದು. ಅದು ಪೂರ್ತಿ ಉತ್ತರವಾಗದು. ಬ್ಯಾಂಕು ಹೇಗೆ ದೊಡ್ಡದಾಯಿತು ಎಂಬುದನ್ನು ತಿಳಿಯದೆ ಅದರೊಳಗಿನ ಕೆಲಸದ ಗುಣದೋಷಗಳು ತಿಳಿಯುವುದಿಲ್ಲ.

ಆರಂಭ ಬಹಳ ಸಣ್ಣದು. 1906ರಲ್ಲಿ ನಮ್ಮ ಜಿಲ್ಲೆಯಲ್ಲಿ ಎರಡು ಬ್ಯಾಂಕುಗಳು ಹುಟ್ಟಿದವು. ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲ ಹಾಜಿ ಕಾಸಿಂ ಸಾಹೇಬರ ಮುಂದಾಳ್ತನದಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ತೆರೆಯಿತು. ಮುಂದೆ ಇದೇ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. 1910ರಲ್ಲಿ ಅದಕ್ಕೆ ಕೆನರಾ ಬ್ಯಾಂಕ್ ಎಂಬ ಹೆಸರಾಯಿತು. ಅದೇ 1906ರ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಎಂಬ ದೊಡ್ಡ ಆಂಗ್ಲ ಕಂಪೆನಿ ದಿವಾಳಿಯಾಗಿ ಸಾವಿರಾರು ಜನರ ಉಳಿತಾಯ ಮುಳುಗಿತು. ದೊಡ್ಡದೆಲ್ಲ ಭದ್ರವಲ್ಲ ಎಂಬ ಪಾಠವೂ ನಮ್ಮ ಸಣ್ಣ ಬ್ಯಾಂಕುಗಳ ವಯಸ್ಸಿನದೇ.

1924ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ ಬ್ಯಾಂಕ್ ಸ್ಥಾಪನೆಯಾಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಈ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಉಡುಪಿಯಲ್ಲಿ ಆರಂಭಿಸಿದರು. ಮುಖ್ಯ ಉದ್ದೇಶ ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವು. 1928ರಲ್ಲಿ ಈ ಬ್ಯಾಂಕು ಪಿಗ್ಮಿ ಠೇವಣಿ ತಂದಿತು. ಬ್ಯಾಂಕಿನವನೇ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ವಸೂಲು ಮಾಡುವ ಕ್ರಮ. ಬ್ಯಾಂಕಿನ ಮೆಟ್ಟಲು ಹತ್ತಲು ಹೆದರುವವರ ಮನೆಯ ಮೆಟ್ಟಲನ್ನು ಬ್ಯಾಂಕೇ ಹತ್ತಿತು. 1931ರಲ್ಲಿ, ಜಗತ್ತಿನ ಆರ್ಥಿಕ ಕುಸಿತದ ಬಿಸಿ ನಮ್ಮ ರೈತರಿಗೂ ತಾಗಿದ್ದ ಹೊತ್ತಿನಲ್ಲಿ, ಎ.ಬಿ. ಶೆಟ್ಟರು ಮತ್ತಿತರರು ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಕಟ್ಟಿದರು. ಒಂದೇ ಜಿಲ್ಲೆಯಲ್ಲಿ 25 ವರ್ಷಗಳ ಒಳಗೆ ಇಂಥ ಐದು ಬ್ಯಾಂಕುಗಳು ಹುಟ್ಟಿದವು. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳೂ ಆಗ ಇದೇ ಜಿಲ್ಲೆಯ ಊರುಗಳು.

ನಮ್ಮ ಮಲಯಾಳ ಬಂಧುಗಳಿಗೂ ಇಂಥದೇ ಕಥೆಯಿದೆ. ಕೋಯಿಕ್ಕೋಡಿನಲ್ಲಿ 1899ರಲ್ಲಿ ನೆಡುಙಾಡಿ ಬ್ಯಾಂಕ್ ಸ್ಥಾಪಿಸಿದ ಅಪ್ಪು ನೆಡುಙಾಡಿಯವರೇ 1887ರಲ್ಲಿ 'ಕುಂದಲತಾ' ಎಂಬ ಕಾದಂಬರಿ ಬರೆದವರು. ಹಣಕ್ಕೂ ಅಕ್ಷರಕ್ಕೂ ಸಂಬಂಧವಿಲ್ಲ ಎನ್ನುವವರು ಇದನ್ನು ನೆನೆಯಬೇಕು. ಆ ಬ್ಯಾಂಕು 2003ರಲ್ಲಿ ಪಂಜಾಬ್ ನ್ಯಾಶನಲ್ ಬ್ಯಾಂಕಿನಲ್ಲಿ ಸೇರಿಹೋಯಿತು. ಪಾಲಾ ಸೆಂಟ್ರಲ್ ಬ್ಯಾಂಕಿನ ಕಥೆ ಇನ್ನೂ ಕಠಿಣ. 1960ರಲ್ಲಿ ರಿಸರ್ವ್ ಬ್ಯಾಂಕಿನ ಅರ್ಜಿಯ ಮೇಲೆ ಕೇರಳ ಹೈಕೋರ್ಟು ಅದನ್ನು ಮುಚ್ಚಿಸಿತು. ಠೇವಣಿದಾರರ ಜೊತೆಗೆ ನೌಕರರೂ ಬೀದಿಗೆ ಬಂದರು. ಈ ಆಘಾತದ ನಂತರವೇ 1962ರ ಜನವರಿ 1ರಿಂದ ದೇಶದಲ್ಲಿ ಠೇವಣಿ ವಿಮೆ ಜಾರಿಗೆ ಬಂತು. ಆಗ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ರಕ್ಷಣೆ; 2020ರಲ್ಲಿ ಅದು 5 ಲಕ್ಷಕ್ಕೆ ಏರಿತು. ಸಣ್ಣ ಬ್ಯಾಂಕುಗಳನ್ನು ದೊಡ್ಡ ಬ್ಯಾಂಕುಗಳಿಗೆ ಜೋಡಿಸುವ ಕೆಲಸವೂ ಅದೇ ಕಾಲದಲ್ಲಿ ಬಿರುಸಾಯಿತು.

ಇನ್ನು ಗುಮಾಸ್ತನ ವಿಷಯಕ್ಕೆ ಬರೋಣ. ಸಣ್ಣ ಬ್ಯಾಂಕಿನ ದಿನಗಳನ್ನು ಹೊಗಳುವವರು ಅದರ ಇನ್ನೊಂದು ಮುಖವನ್ನು ಮರೆಯುತ್ತಾರೆ. ಕೆಲಸ ಸಿಗಬೇಕಾದರೆ ಗುರುತು ಪರಿಚಯ ಬೇಕು. ಬಲ್ಲವರೊಬ್ಬರ ಚೀಟಿ ಬೇಕು. ಮಾಲಕರಿಗೆ ಬೇಕಾದವನಾದರೆ ಸುಖ, ಬೇಡವಾದರೆ ಹೇಳುವವರಿಲ್ಲ, ಕೇಳುವವರಿಲ್ಲ. ಸಂಜೆ ಲೆಕ್ಕ ತಾಳೆಯಾಗುವವರೆಗೆ ಮನೆಗೆ ಹೋಗುವಂತಿಲ್ಲ. ಅರ್ಧವಾರ್ಷಿಕ ಬಡ್ಡಿಯನ್ನು ಕೈಯಲ್ಲೇ ಹಾಕಬೇಕು. ಎರಡು ಪೈ ವ್ಯತ್ಯಾಸ ಹುಡುಕುತ್ತಾ ಲಾಟೀನಿನ ಬೆಳಕಿನಲ್ಲಿ ಕೂತವರ ಕಥೆಗಳನ್ನು ನಮ್ಮ ಹಿರಿಯ ಸಹೋದ್ಯೋಗಿಗಳು ತಮ್ಮ ಹಿರಿಯರಿಂದ ಕೇಳಿ ನಮಗೆ ಹೇಳಿದ್ದಾರೆ.

ಈ ಸ್ಥಿತಿ ಬದಲಾಗಲು ಸಂಘಟನೆ ಬೇಕಾಯಿತು. 1946ರ ಏಪ್ರಿಲ್ 20ರಂದು ಕಲ್ಕತ್ತೆಯಲ್ಲಿ ಅಖಿಲ ಭಾರತ ಬ್ಯಾಂಕ್ ನೌಕರರ ಸಂಘ ಹುಟ್ಟಿತು. 1953ರಲ್ಲಿ ಶಾಸ್ತ್ರಿ ನ್ಯಾಯಮಂಡಳಿಯ ತೀರ್ಪು ಬಂತು. ಆ ತೀರ್ಪಿನಲ್ಲಿ ಬ್ಯಾಂಕುಗಳನ್ನು ಅವುಗಳ ದುಡಿಯುವ ಹಣದ ಪ್ರಮಾಣ ನೋಡಿ, ಊರುಗಳನ್ನು ಜನಸಂಖ್ಯೆ ನೋಡಿ ವರ್ಗಗಳಾಗಿ ವಿಂಗಡಿಸಿದ್ದರು. ಅಂದರೆ ಒಂದೇ ಬಗೆಯ ಲೆಡ್ಜರು ಬರೆಯುವ ಇಬ್ಬರು ಗುಮಾಸ್ತರಲ್ಲಿ ದೊಡ್ಡ ಬ್ಯಾಂಕಿನವನಿಗೆ ಒಂದು ಸಂಬಳ, ಸಣ್ಣ ಬ್ಯಾಂಕಿನವನಿಗೆ ಅದಕ್ಕಿಂತ ಕಡಿಮೆ. ದೊಡ್ಡ ಬ್ಯಾಂಕಿನ ಕೆಲಸಕ್ಕೆ ನಮ್ಮಲ್ಲಿ ಬಂದ ಗೌರವದ ಒಂದು ಬೇರು ಇಲ್ಲಿದೆ.

ಈ ಕಥೆಯಲ್ಲಿ ವಿ.ವಿ. ಗಿರಿಯವರ ಹೆಸರು ಎರಡು ಬಾರಿ ಬರುತ್ತದೆ. 1954ರಲ್ಲಿ ಅವರು ಕೇಂದ್ರದ ಕಾರ್ಮಿಕ ಮಂತ್ರಿ. ಬ್ಯಾಂಕ್ ನೌಕರರ ಪರವಾಗಿ ಬಂದ ಮೇಲ್ಮನವಿ ನ್ಯಾಯಮಂಡಳಿಯ ತೀರ್ಪನ್ನು ಸರಕಾರವೇ ತಿದ್ದಿದಾಗ ಅವರು ರಾಜೀನಾಮೆ ಕೊಟ್ಟು ಹೊರಗೆ ಬಂದರು. ಮುಂದೆ ಕೇರಳಕ್ಕೂ ಆಮೇಲೆ ಮೈಸೂರು ರಾಜ್ಯಕ್ಕೂ ರಾಜ್ಯಪಾಲರಾದರು. 1969ರ ಜುಲೈ 19ರಂದು ಹಂಗಾಮಿ ರಾಷ್ಟ್ರಪತಿಯಾಗಿ 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಸಹಿ ಹಾಕಿದವರೂ ಅವರೇ. ಮರುದಿನ ಆ ಸ್ಥಾನವನ್ನು ಬಿಟ್ಟರು. ಆ ಹದಿನಾಲ್ಕರಲ್ಲಿ ಕೆನರಾ ಮತ್ತು ಸಿಂಡಿಕೇಟ್ ನಮ್ಮ ಜಿಲ್ಲೆಯವು. 1980ರ ಏಪ್ರಿಲ್ 15ರಂದು ಇನ್ನೂ ಆರು ಬ್ಯಾಂಕುಗಳು ಸರಕಾರದ ಕೈಗೆ ಬಂದಾಗ ಕಾರ್ಪೊರೇಶನ್ ಮತ್ತು ವಿಜಯಾ ಸೇರಿಕೊಂಡವು. ದೇಶದಲ್ಲಿ 1969ರ ಜೂನ್‌ನಲ್ಲಿ 8,262 ಇದ್ದ ಬ್ಯಾಂಕ್ ಶಾಖೆಗಳು 1991ರ ಹೊತ್ತಿಗೆ 60,000 ದಾಟಿದವು. 1976ರಲ್ಲಿ ಸಿಂಡಿಕೇಟಿನ ಆಶ್ರಯದಲ್ಲಿ ನಮ್ಮ ಕಡೆಗೆ ನಾರ್ತ್ ಮಲಬಾರ್ ಗ್ರಾಮೀಣ ಬ್ಯಾಂಕ್ ಬಂತು. 2013ರಲ್ಲಿ ಅದು ಕೇರಳ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು.

ರಾಷ್ಟ್ರೀಕರಣದ ಬಗ್ಗೆ ಅರ್ಥಶಾಸ್ತ್ರಜ್ಞರು ಏನಾದರೂ ಹೇಳಲಿ, ಗುಮಾಸ್ತನ ದೃಷ್ಟಿಯಿಂದ ಅದರ ದೊಡ್ಡ ಫಲ ಒಂದೇ: ಚೀಟಿಯ ಬದಲು ಪರೀಕ್ಷೆ ಬಂತು. ಮೀಸಲಾತಿ ಬಂತು. ಹೆಣ್ಣುಮಕ್ಕಳು ಹೆಚ್ಚು ಹೆಚ್ಚಾಗಿ ಕೌಂಟರಿಗೆ ಬಂದರು. ನನ್ನ ತಂದೆ ಬೀಡಿ ಕಟ್ಟುತ್ತಿದ್ದವರು. ಬ್ಯಾಂಕಿನ ಯಾವ ಡೈರೆಕ್ಟರರ ಪರಿಚಯವೂ ನಮಗಿರಲಿಲ್ಲ; ನಮ್ಮ ಮನೆಗೆ ಬರುತ್ತಿದ್ದ ಬ್ಯಾಂಕಿನ ಏಕಮಾತ್ರ ಪ್ರತಿನಿಧಿ ಪಿಗ್ಮಿಯವರು. ಅಂಥ ಮನೆಯ ಹುಡುಗ ಯಾರ ಮುಂದೆಯೂ ಕೈ ಮುಗಿಯದೆ ಕೌಂಟರಿನ ಒಳಗೆ ಕೂರುವಂತಾದುದು ದೊಡ್ಡ ಬ್ಯಾಂಕಿನಿಂದ. ಜಮೆಯ ಬದಿಯಲ್ಲಿ ನಾನು ಮೊದಲು ಬರೆಯುವುದು ಇದನ್ನೇ.

ಎರಡನೆಯ ಜಮೆ ಭದ್ರತೆ. 1966ರ ಅಕ್ಟೋಬರ್ 19ರ ಮೊದಲ ದ್ವಿಪಕ್ಷೀಯ ಒಪ್ಪಂದದಿಂದ ಹಿಡಿದು 2024ರ ಮಾರ್ಚ್ 8ರ ಹನ್ನೆರಡನೆಯ ಒಪ್ಪಂದದವರೆಗೆ ಸಂಬಳ, ರಜೆ, ಭತ್ತೆಗಳೆಲ್ಲ ಇಡೀ ದೇಶಕ್ಕೆ ಒಟ್ಟಾಗಿ ಮಾತುಕತೆಯಲ್ಲಿ ತೀರ್ಮಾನವಾಗಿವೆ. ಶಾಖೆಯ ಮೇನೇಜರರಿಗೆ ಸಿಟ್ಟು ಬಂದರೆ ನನ್ನ ಸಂಬಳ ಕಡಿಮೆಯಾಗುವುದಿಲ್ಲ. ಮನೆ ಕಟ್ಟಲು ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ. 2015ರ ಸೆಪ್ಟೆಂಬರಿನಿಂದ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಗುಮಾಸ್ತರ ವರ್ಗಾವಣೆ ಸಾಮಾನ್ಯವಾಗಿ ರಾಜ್ಯದ ಒಳಗೇ ಆಗುವುದರಿಂದ ತೋಟ, ವೃದ್ಧ ತಂದೆ ತಾಯಿ, ಮಕ್ಕಳ ಶಾಲೆ ಇವುಗಳನ್ನು ನೋಡಿಕೊಳ್ಳಲು ಸಾಧ್ಯ. ಆದರೆ ಇಲ್ಲಿಯೂ ಒಂದು ಗೆರೆ ಇದೆ. 2010ರ ಏಪ್ರಿಲ್ 1ಕ್ಕೆ ಮೊದಲು ಸೇರಿದ ನನಗೆ ನಿಶ್ಚಿತ ಪಿಂಚಣಿ. ನಂತರ ಸೇರಿ ನನ್ನ ಪಕ್ಕದಲ್ಲೇ ಕೂತು ಅದೇ ಕೆಲಸ ಮಾಡುವ ತಂಗಿಯಂಥ ಸಹೋದ್ಯೋಗಿಗೆ ಮಾರುಕಟ್ಟೆಯನ್ನು ಅವಲಂಬಿಸಿದ ಹೊಸ ಪಿಂಚಣಿ. ಹಿಂದೆ ಎರಡು ಬ್ಯಾಂಕುಗಳ ನಡುವೆ ಇದ್ದ ವ್ಯತ್ಯಾಸ ಈಗ ಒಂದೇ ಮೇಜಿನ ಎರಡು ಕುರ್ಚಿಗಳ ನಡುವೆ ಬಂದು ಕೂತಿದೆ.

ಪಿಗ್ಮಿ ಸಂಗ್ರಾಹಕರ ಮಾತನ್ನೂ ಇಲ್ಲಿ ಹೇಳಬೇಕು. ಬಿಸಿಲು ಮಳೆ ಎನ್ನದೆ ಎರಡಾಣೆ ನಾಲ್ಕಾಣೆ ಕೂಡಿಸಿ ಬ್ಯಾಂಕನ್ನು ದೊಡ್ಡದು ಮಾಡಿದವರು ಅವರು. ಅವರಿಗೆ ಸಂಬಳವಲ್ಲ, ಕಮಿಶನ್. 2001ರಲ್ಲಿ ಸುಪ್ರೀಂ ಕೋರ್ಟು ಅವರೂ ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಎಂದು ತೀರ್ಪಿತ್ತಿತು. ಆದರೆ ಖಾಯಂ ನೌಕರರಿಗೆ ಸಮಾನರೆಂದು ಒಪ್ಪಲಿಲ್ಲ. ದೊಡ್ಡ ಬ್ಯಾಂಕಿನ ಸುಖ ಅದನ್ನು ಬೆಳೆಸಿದ ಎಲ್ಲರಿಗೂ ಸಿಗಲಿಲ್ಲ.

ಖರ್ಚಿನ ಬದಿಗೆ ಬರುವ ಮೊದಲು ಯಂತ್ರದ ಬಗ್ಗೆ ಎರಡು ಮಾತು. 1983ರ ಸೆಪ್ಟೆಂಬರಿನ ಒಪ್ಪಂದದಲ್ಲಿ ಸಂಘಗಳು ಮಿತವಾದ ಯಾಂತ್ರೀಕರಣಕ್ಕೆ ಒಪ್ಪಿದವು. 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂತು. ಆಮೇಲೆ ಲೆಡ್ಜರ್ ಯಂತ್ರ, ಕಂಪ್ಯೂಟರ್, ಕೊನೆಗೆ ಎಲ್ಲ ಶಾಖೆಗಳನ್ನು ಒಂದೇ ಜಾಲಕ್ಕೆ ಕಟ್ಟಿದ ಕೋರ್ ಬ್ಯಾಂಕಿಂಗ್. 2000–2001ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರಗೆ ಹೋದರು. ಬಡ್ಡಿ ಹಾಕುವ, ಲೆಕ್ಕ ತಾಳೆ ನೋಡುವ ಕಷ್ಟ ತಪ್ಪಿತು, ಒಳ್ಳೆಯದೇ. ಆದರೆ ಲೆಡ್ಜರಿನ ಪುಟ ತಿರುಗಿಸುತ್ತಾ ಯಾರ ಮನೆಯಲ್ಲಿ ಮದುವೆ, ಯಾರ ತೋಟಕ್ಕೆ ಕೊಳೆರೋಗ ಎಂದು ತಿಳಿಯುತ್ತಿದ್ದ ಗುಮಾಸ್ತನೂ ಆ ಲೆಡ್ಜರಿನ ಜೊತೆಗೇ ಹೋದ. ಹಿಂದೆ ಮೇನೇಜರರು ಮುಖ ನೋಡಿ ಕೊಡುತ್ತಿದ್ದ ಸಣ್ಣ ಸಾಲವನ್ನು ಈಗ ದೂರದ ಊರಿನ ಕೇಂದ್ರವೊಂದು ಅಂಕ ನೋಡಿ ತೀರ್ಮಾನಿಸುತ್ತದೆ. ಇದರಿಂದ ಪಕ್ಷಪಾತ ಕಡಿಮೆಯಾಗಿದೆ, ದಾಕ್ಷಿಣ್ಯವೂ ಕಡಿಮೆಯಾಗಿದೆ. ಎರಡೂ ನಿಜ.

ಉಳಿದ ಖರ್ಚುಗಳು ದೇಶದ ಎಲ್ಲ ಗುಮಾಸ್ತರಿಗೂ ಗೊತ್ತಿದ್ದವೇ. ನಗದು ಕಡಿಮೆ ಬಂದರೆ ಕೈಯಿಂದ ತುಂಬಬೇಕು. ವಿಮೆ ಮಾರು, ಕಾರ್ಡು ಮಾರು ಎಂದು ಮೇಲಿನಿಂದ ಗುರಿ ಬರುತ್ತದೆ. ಸರಕಾರದ ಹೊಸ ಯೋಜನೆ ಏನಿದ್ದರೂ ಅದರ ಭಾರ ಕೊನೆಗೆ ಕೌಂಟರಿಗೆ ಇಳಿಯುತ್ತದೆ. 2016ರ ನವೆಂಬರ್ 8ರಂದು 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದ ಮೇಲೆ 10ರಿಂದ ನಡೆದದ್ದನ್ನು ಓದುಗರು ಮರೆತಿರಲಾರರು. ಬಡ್ತಿ ಪಡೆದು ಆಫೀಸರಾದರೆ ದೇಶದ ಯಾವ ಮೂಲೆಗೂ ಹೋಗಲು ಸಿದ್ಧನಿರಬೇಕು. ಹಾಗಾಗಿ ನಮ್ಮ ಊರಿನ ಎಷ್ಟೋ ಬುದ್ಧಿವಂತರು ಬಡ್ತಿ ಬೇಡವೆಂದು ಗುಮಾಸ್ತರಾಗಿಯೇ ಉಳಿದಿದ್ದಾರೆ. ನಾನೂ ಅವರಲ್ಲಿ ಒಬ್ಬ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಗಡಿನಾಡಿನ ಕನ್ನಡಿಗರಿಗೆ ಮಾತ್ರ ಬಿದ್ದ ಖರ್ಚು ಬೇರೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. 2017ರಲ್ಲಿ ದೇಶದಲ್ಲಿ 27 ಇದ್ದ ಸರಕಾರಿ ಬ್ಯಾಂಕುಗಳು 12ಕ್ಕೆ ಇಳಿದವು. ಐದು ಬ್ಯಾಂಕುಗಳು ಹುಟ್ಟಿದ ಕರಾವಳಿಯಲ್ಲಿ ಪ್ರಧಾನ ಕಚೇರಿ ಉಳಿಸಿಕೊಂಡದ್ದು ಖಾಸಗಿ ವಲಯದ ಕರ್ನಾಟಕ ಬ್ಯಾಂಕು ಒಂದೇ. 1956ರಲ್ಲಿ ಬೀಳದ ಗಡಿ ಹೀಗೆ ಅರುವತ್ತು ವರ್ಷ ತಡವಾಗಿ ಬ್ಯಾಂಕಿಗೂ ಬಿತ್ತು.

ಇದರ ಪರಿಣಾಮ ಕೌಂಟರಿನಲ್ಲಿ ಕಾಣುತ್ತದೆ. ಗ್ರಾಹಕರ ಅರ್ಜಿ, ಚಲನ್, ಪಾಸುಪುಸ್ತಕಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆ ಈ ಮೂರರಲ್ಲಿ ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಒಳ್ಳೆಯ ಸೂಚನೆ. ಆದರೆ ದೂರದ ಪ್ರಧಾನ ಕಚೇರಿಗೆ ಪ್ರಾದೇಶಿಕ ಭಾಷೆಯೆಂದರೆ ರಾಜ್ಯದ ಭಾಷೆ. ಕೇರಳಕ್ಕೆ ಮಲಯಾಳ, ಅಲ್ಲಿಗೆ ಮುಗಿಯಿತು. ಕನ್ನಡ ಮಾತ್ರ ಓದಲು ಬಲ್ಲ ಅಜ್ಜಿಯೊಬ್ಬರು ಮೂರು ಭಾಷೆಯ ಚೀಟಿ ಹಿಡಿದುಕೊಂಡು, "ಇದರಲ್ಲಿ ನಮ್ಮದು ಯಾವುದು ಮಗಾ?" ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. 1956ಕ್ಕಿಂತ ಹಿಂದಿನ ಆಸ್ತಿಪತ್ರಗಳು ನಮ್ಮಲ್ಲಿ ಎಷ್ಟೋ ಕನ್ನಡದವು. ಹೊರರಾಜ್ಯದ ಆಫೀಸರರು ಅವನ್ನು ಓದಲಾರರು; ಕನ್ನಡ ಸಹಿಯನ್ನು ಅಕ್ಷರವೆಂದಲ್ಲ, ಚಿತ್ರವೆಂದು ಹೋಲಿಸಿ ನೋಡುತ್ತಾರೆ. ಇದು ಅವರ ತಪ್ಪಲ್ಲ. ಅವರೂ ತಮ್ಮ ಊರು ಬಿಟ್ಟು ಬಂದವರು, ತಮ್ಮ ಭಾಷೆ ಕೇಳದೆ ದಿನ ಕಳೆಯುವವರು. ಅಂಥ ಹೊತ್ತಿನಲ್ಲಿ ಪತ್ರ ಓದಿ ಅರ್ಥ ಹೇಳುವವನು ಊರಿನ ಗುಮಾಸ್ತ. 2024ರ ಒಪ್ಪಂದದಲ್ಲಿ ಗುಮಾಸ್ತನಿಗೆ 'ಕಸ್ಟಮರ್ ಸರ್ವಿಸ್ ಅಸೋಸಿಯೇಟ್' ಎಂಬ ಹೊಸ ಹೆಸರು ಬಂದಿದೆ. ನಮ್ಮ ಕಡೆಯ ಶಾಖೆಗಳಲ್ಲಿ ಅವನ ನಿಜವಾದ ಹುದ್ದೆ ದುಭಾಷಿಯದು; ಅದಕ್ಕೆ ಯಾವ ಒಪ್ಪಂದದಲ್ಲಿಯೂ ಭತ್ತೆಯಿಲ್ಲ.

ಈ ದುಭಾಷಿಗಳ ಸಾಲು ಮುಂದುವರಿಯುವುದೇ ಎಂಬುದು ನನ್ನ ಚಿಂತೆ. ಗುಮಾಸ್ತರ ನೇಮಕಾತಿ ರಾಜ್ಯವಾರು ನಡೆಯುತ್ತದೆ. ಆಯಾ ರಾಜ್ಯದ ಭಾಷೆ ಓದಲು, ಬರೆಯಲು, ಮಾತಾಡಲು ಬರಬೇಕು. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು, ಮಲಯಾಳ ಮಾತಾಡಲು ಬಂದರೂ ಬರೆಯಲು ಬಾರದ ಮಕ್ಕಳು ಕೇರಳದ ಹುದ್ದೆಗೆ ಹಿಂಜರಿಯುತ್ತಾರೆ. ಕರ್ನಾಟಕದ ಹುದ್ದೆಗೆ ಅರ್ಜಿ ಹಾಕಿದರೆ ಬೀದರಿಗೋ ರಾಯಚೂರಿಗೋ ಹೋಗಬೇಕಾದೀತು. ಅಲ್ಲಿ ಕನ್ನಡ ಬಲ್ಲ ಗುಮಾಸ್ತರಿಗೆ ಕೊರತೆಯಿಲ್ಲ, ಕೊರತೆ ಇಲ್ಲಿ.

ಆದ್ದರಿಂದ ಕೇಳುವ ಮಕ್ಕಳಿಗೆ ನನ್ನ ಉತ್ತರ ಇಷ್ಟು. ದೊಡ್ಡ ಬ್ಯಾಂಕಿನ ಕೆಲಸ ಒಳ್ಳೆಯದೇ. ಅದು ನಿಮ್ಮ ತಂದೆ ಯಾರೆಂದು ಕೇಳುವುದಿಲ್ಲ. ಆದರೆ ನಿಮ್ಮ ಊರು ಯಾವುದೆಂದೂ ಕೇಳುವುದಿಲ್ಲ. ಮೊದಲನೆಯದು ಲಾಭ, ಎರಡನೆಯದು ನಷ್ಟ. 2021ರಲ್ಲಿ ಕೇಂದ್ರ ಸರಕಾರ ಸರಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಯನ್ನು 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಹೇಳಿದೆ; ಅದರಲ್ಲಿ ಕನ್ನಡವೂ ಇದೆ. ಕನ್ನಡದಲ್ಲಿ ಪರೀಕ್ಷೆ ಬರೆಯಿರಿ. ಅದರ ಜೊತೆಗೆ ಮಲಯಾಳ ಅಕ್ಷರವನ್ನೂ ಕಲಿಯಿರಿ. ಅದರಿಂದ ಕನ್ನಡಕ್ಕೆ ಏನೂ ಕುಂದಿಲ್ಲ. ಈ ವಾರ್ಷಿಕದ ಪುಟಗಳೇ ಅದಕ್ಕೆ ಸಾಕ್ಷಿ. ನಮ್ಮ ಸಂಘಸಂಸ್ಥೆಗಳು ಒಂದು ಮನವಿ ಮಾಡಬಹುದು: ಕಾಸರಗೋಡು, ಮಂಜೇಶ್ವರ ತಾಲೂಕುಗಳ ಶಾಖೆಗಳಲ್ಲಿ ನಾಲ್ಕನೆಯ ಭಾಷೆಯಾಗಿ ಕನ್ನಡವನ್ನೂ ಅಚ್ಚು ಹಾಕಿಸಿ ಎಂದು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡಿಗರಿಗೆ ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಬ್ಯಾಂಕು ಅದೇ ದಾರಿಯಲ್ಲಿ ನಡೆದರೆ ಅದಕ್ಕೆ ಬೀಳುವ ಖರ್ಚು ಒಂದು ಸಾಲಿನ ಮಸಿ. ಎರಡಾಣೆಗಾಗಿ ಮನೆ ಬಾಗಿಲಿಗೆ ಬಂದಿದ್ದ ಬ್ಯಾಂಕುಗಳಿಗೆ ಇದು ದೊಡ್ಡ ಮಾತಾಗಬಾರದು.